ನೂರು ಮಂದಿಯ ವಾದ್ಯ

ಜರ್ಮನಿಯ ನಡುತರದ ಒಂದು ಊರು. ಬೆಳಗಿನ ಹತ್ತು ಗಂಟೆಯ ಸಮಯ. ನಾಟಕಶಾಲೆಯ ಹಿಂಬದಿಯ ತಾಲೀಮು ಕೊಠಡಿಯಲ್ಲಿ ಎಪ್ಪತ್ತು ಮಂದಿ ವಾದ್ಯಗಾರರು ತಮ್ಮ ಚಳಿಯ ಕೋಟುಗಳನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿ, ಪಿಟೀಲಿನ ಕಮಾನಿಗೆ ರಾಳ ಉಜ್ಜುತ್ತ, ಓಬೋದ ಬಾಯಿಗೆ ಸಿಕ್ಕಿಸುವ ಜೊಂಡಿನ ಸೀಳನ್ನು ತುಟಿಯಲ್ಲಿ ತೇವಗೊಳಿಸುತ್ತ, ನೆರೆಯವರೊಡನೆ ಮಾತನಾಡುತ್ತ ಕುಳಿತಿದ್ದಾರೆ. ಇವರಲ್ಲಿ ಕೆಲವರು ಅದೇ ಕುರ್ಚಿಯಲ್ಲಿ ಮೂವತ್ತು ವರ್ಷಗಳಿಂದ ಕುಳಿತವರು. ಈ ದಿನ ನುಡಿಸಬೇಕಾದ ಕೃತಿಯ ಒಂದೊಂದು ತಿರುವನ್ನೂ ಬಲ್ಲವರು. ಬಾಗಿಲು ತೆರೆಯುತ್ತದೆ, ಇಪ್ಪತ್ತೈದರ ತರುಣನೊಬ್ಬನು ಬಂದು ಪೀಠವನ್ನೇರಿ, ಎರಡು ಮಾತಿನಲ್ಲಿ ವಂದಿಸಿ, ದಪ್ಪನಾದ ಸ್ವರಗ್ರಂಥವನ್ನು ತೆರೆದು ಕೈಯೆತ್ತುತ್ತಾನೆ. ಅವನಿಗೆ ಕೆಲಸ ಗೊತ್ತೋ ಇಲ್ಲವೋ ಎಂಬುದನ್ನು ಆ ಎಪ್ಪತ್ತು ಮಂದಿಯೂ ಮೊದಲ ಐದು ನಿಮಿಷದೊಳಗಾಗಿ ತಮ್ಮತಮ್ಮಲ್ಲೇ ತೀರ್ಮಾನಿಸಿಬಿಡುವರು.

ಪಾಶ್ಚಾತ್ಯ ಸಂಗೀತದ ಕಂಡಕ್ಟರ್, ಅಂದರೆ ವಾದ್ಯವೃಂದದ ನಾಯಕ, ನಮ್ಮವರಿಗೆ ಪೂರ್ಣ ಅಪರಿಚಿತನಲ್ಲ. ಹೊಸ ವರ್ಷದ ದಿನ ವಿಯೆನ್ನಾ ನಗರದಿಂದ ಪ್ರಸಾರವಾಗುವ ಕಛೇರಿಯನ್ನು ನೋಡಿದವರು ಅನೇಕರಿದ್ದಾರೆ. ಮುಂಬಯಿಯಲ್ಲಿ ಹುಟ್ಟಿ ಜಗತ್ತಿನ ಮಹಾವೃಂದಗಳನ್ನು ನಡೆಸಿದ ಜುಬಿನ್ ಮೆಹ್ತಾ ಅವರ ಹೆಸರನ್ನು ಕೇಳದವರು ವಿರಳ. ಆದರೂ ತಾನು ಒಂದು ಸ್ವರವನ್ನೂ ನುಡಿಸದ, ಹಾಡದ ಈ ವ್ಯಕ್ತಿ ಅಲ್ಲಿ ಮಾಡುವ ಕೆಲಸವಾದರೂ ಏನು, ಅದನ್ನು ಅವನು ಕಲಿಯುವುದೆಲ್ಲಿ, ಇಪ್ಪತ್ತೈದರ ಪ್ರಾಯದವನಿಗೆ ಎಪ್ಪತ್ತು ಮಂದಿ ಅನುಭವಿಗಳನ್ನು ಯಾರು ಒಪ್ಪಿಸುವರು ಎಂಬ ಪ್ರಶ್ನೆಗಳಿಗೆ ಉತ್ತರ ಬಲ್ಲವರು ಬಹಳ ಮಂದಿಯಿಲ್ಲ.

ನಾದಕ್ಕಿಂತ ಮುಂದೆ ಹೋಗುವ ಕೈ

ನಮ್ಮ ಗಾಯಕನು ತೊಡೆಯ ಮೇಲೆ ತಾಳ ಹಾಕುವಾಗ ಅವನ ಘಾತವೂ ಪಲ್ಲವಿಯ ಎಡುಪೂ ಒಂದೇ ಕಾಲಗಣನೆಯಲ್ಲಿ ನಡೆಯುತ್ತವೆ. ಕೈ ಲೆಕ್ಕವನ್ನು ತೋರಿಸುತ್ತದೆ, ಕಂಠ ಅದರೊಡನೆ ಸಾಗುತ್ತದೆ. ವೃಂದನಾಯಕನ ಕೈ ಹಾಗಲ್ಲ. ಅದು ನಾದಕ್ಕಿಂತ ಒಂದು ಹೆಜ್ಜೆ ಮುಂದೆ ಇರಬೇಕು. ಕೈಯಲ್ಲಿ ಹಿಡಿದ ಪುಟ್ಟ ಕೋಲು ಕೆಳಗಿಳಿಯುವ ಮುನ್ನ ಮೇಲಕ್ಕೇಳುವ ಆ ಒಂದು ಚಲನೆಯಲ್ಲೇ ಬರಲಿರುವ ಸ್ವರದ ಕಾಲಪ್ರಮಾಣ, ಗಾತ್ರ, ಮೃದುತ್ವ ಅಥವಾ ಬಿರುಸು, ಗಾಳಿವಾದ್ಯದವರು ಉಸಿರೆಳೆದುಕೊಳ್ಳಬೇಕಾದ ಕ್ಷಣ, ಇಷ್ಟೆಲ್ಲವೂ ಅಡಗಿರಬೇಕು. ಈ ಪೂರ್ವಚಲನೆ ಅಸ್ಪಷ್ಟವಾದರೆ ಪಿಟೀಲಿನವರೊಂದು ಕ್ಷಣಕ್ಕೂ ಹಾರ್ನಿನವರೊಂದು ಕ್ಷಣಕ್ಕೂ ತೊಡಗುತ್ತಾರೆ. ಅನಂತರ ಕೋಲನ್ನು ಎಷ್ಟು ಬೀಸಿದರೂ ಪ್ರಯೋಜನವಿಲ್ಲ.

ಈ ಪದವಿಯೇನೂ ಬಹು ಪ್ರಾಚೀನವಾದುದಲ್ಲ. ಹದಿನೆಂಟನೆಯ ಶತಮಾನದಲ್ಲಿ ವೃಂದವನ್ನು ನಡೆಸುತ್ತಿದ್ದವನು ಮೊದಲ ಪಿಟೀಲಿನವನು ಇಲ್ಲವೇ ಕೀಲಿಮಣೆಯ ಮುಂದೆ ಕುಳಿತವನು. ವೃಂದಗಳು ಹಿಗ್ಗಿ, ರಚನೆಗಳು ಜಟಿಲವಾಗಿ, ಒಬ್ಬನು ನುಡಿಸುತ್ತಲೂ ನಡೆಸುತ್ತಲೂ ಇರುವುದು ಅಸಾಧ್ಯವಾದಾಗ ನಾಯಕನು ಎದ್ದು ನಿಂತನು. 1835ರಲ್ಲಿ ಲೈಪ್‌ಜಿಗ್ ನಗರದ ಗೆವಾಂಡ್‌ಹೌಸ್ ವೃಂದವನ್ನು ವಹಿಸಿಕೊಂಡು ಕೋಲು ಹಿಡಿದು ಸಿಂಫನಿಗಳನ್ನು ನಡೆಸತೊಡಗಿದ ಮೆಂಡೆಲ್‌ಸೋನನಿಗೆ ಆಗ 26 ವರ್ಷ. ಈ ವೃತ್ತಿಯ ಬಾಲ್ಯವೂ ಅದರ ಆದ್ಯರ ತಾರುಣ್ಯವೂ ಜೊತೆಜೊತೆಯಾಗಿಯೇ ಕಳೆದವೆನ್ನಬಹುದು.

ಮನೆಯಲ್ಲಿ ಸಾಧನೆ ಮಾಡಲಾಗದ ವಿದ್ಯೆ

ಪಿಟೀಲು ಕಲಿಯುವವನು ಬಾಗಿಲು ಮುಚ್ಚಿಕೊಂಡು ದಿನಕ್ಕೆ ಎಂಟು ಗಂಟೆ ಸಾಧಕ ಮಾಡಬಲ್ಲನು. ತಪ್ಪಿದ ಸಂಗತಿಯನ್ನು ಯಾರ ಕಿವಿಗೂ ಬೀಳದಂತೆ ತಿದ್ದಿಕೊಳ್ಳಬಲ್ಲನು. ವೃಂದನಾಯಕನಿಗೆ ಈ ಅನುಕೂಲವಿಲ್ಲ. ಅವನ ವಾದ್ಯವೆಂದರೆ ನೂರು ಮಂದಿ ಮನುಷ್ಯರು. ಅವರಿಗೆ ವೇತನವುಂಟು, ಅಭಿಮಾನವುಂಟು, ತಾಲೀಮಿಗೆ ಗೊತ್ತಾದ ವೇಳೆಯುಂಟು. ಅವನು ತಪ್ಪಿದರೆ ಅದು ನೂರು ಜನರ ಎದುರಿನಲ್ಲೇ ಆಗುವ ತಪ್ಪು. ತರುಣ ವೃಂದನಾಯಕನ ಜೀವನದ ಏಳುಬೀಳುಗಳೆಲ್ಲ, ನನ್ನ ದೃಷ್ಟಿಯಲ್ಲಿ, ಈ ಒಂದು ಕೊರತೆಯ ಸುತ್ತಲೇ ತಿರುಗುತ್ತವೆ: ಕಲಿಯುವುದಕ್ಕೆ ವಾದ್ಯ ಬೇಕು, ವಾದ್ಯ ಕೈಗೆ ಸಿಗಬೇಕಾದರೆ ಮೊದಲೇ ಕಲಿತಿರಬೇಕು.

ಏಕಾಂತದಲ್ಲಿ ಮಾಡಬಹುದಾದ ಅಭ್ಯಾಸವೆಂದರೆ ಸ್ವರಗ್ರಂಥದ ಪಠನ. ಅದರ ಒಂದು ಪುಟದಲ್ಲಿ ಇಪ್ಪತ್ತಕ್ಕೂ ಮಿಕ್ಕ ಪಂಕ್ತಿಗಳು ಒಂದರ ಕೆಳಗೊಂದು ಏಕಕಾಲಕ್ಕೆ ಸಾಗುತ್ತಿರುತ್ತವೆ. ಮೇಲಾಗಿ ಕೆಲವು ವಾದ್ಯಗಳಿಗೆ ಬರೆದ ಸ್ವರವೇ ಕೇಳಿಸುವ ಸ್ವರವಲ್ಲ: ರೂಢಿಯ ಕ್ಲಾರಿನೆಟ್ ಬರೆದುದಕ್ಕಿಂತ ಒಂದು ಮೆಟ್ಟಿಲು ಕೆಳಗೂ, ಹಾರ್ನ್ ಐದನೆಯ ಸ್ವರದಷ್ಟು ಕೆಳಗೂ ಧ್ವನಿಸುತ್ತವೆ. ಇವನ್ನೆಲ್ಲ ಮನಸ್ಸಿನಲ್ಲೇ ಸರಿಹೊಂದಿಸಿಕೊಂಡು, ನಿಶ್ಶಬ್ದವಾದ ಆ ಪುಟವನ್ನು ಒಳಗಿವಿಯಿಂದ ಕೇಳಿಕೊಳ್ಳುವುದು ವರುಷಗಳ ತಪಸ್ಸು.

ಇನ್ನುಳಿದುದು ಬಲ್ಲವರನ್ನು ನೋಡುವುದು. ಜುಬಿನ್ ಮೆಹ್ತಾ 1954ರಲ್ಲಿ, ತಮ್ಮ ಹದಿನೆಂಟರಲ್ಲಿ, ವಿಯೆನ್ನಾಕ್ಕೆ ಹೋಗಿ ಹಾನ್ಸ್ ಸ್ವಾರೊವ್‌ಸ್ಕಿ ಎಂಬ ಗುರುಗಳಲ್ಲಿ ಶಿಷ್ಯರಾದರು. ಮುಂದೆ ಅಷ್ಟೇ ಖ್ಯಾತರಾದ ಇಟಲಿಯ ಕ್ಲಾಡಿಯೊ ಅಬ್ಬಾಡೊ ಅವರ ಸಹಪಾಠಿ. ದೊಡ್ಡ ನಾಯಕರ ತಾಲೀಮುಗಳಿಗೆ ಹೊರಗಿನವರಿಗೆ ಪ್ರವೇಶವಿರಲಿಲ್ಲ. ಆದುದರಿಂದ ಈ ಇಬ್ಬರು ತರುಣರೂ ಅಲ್ಲಿನ ಗಾಯನವೃಂದವನ್ನು ಸೇರಿ, ಹಾಡುವವರ ಸಾಲಿನಲ್ಲಿ ನಿಂತು, ಬ್ರೂನೊ ವಾಲ್ಟರ್, ಕರಾಯನ್ ಮುಂತಾದವರ ಮುಖವನ್ನೂ ಕೈಯನ್ನೂ ಎದುರಿನಿಂದಲೇ ಅಭ್ಯಾಸ ಮಾಡಿದರು. ಶ್ರೋತೃಗಳು ನಾಯಕನ ಬೆನ್ನನ್ನು ಮಾತ್ರ ಕಾಣುವರು. ಆತನ ವಿದ್ಯೆಯೆಲ್ಲ ಇರುವುದು ಮುಂಭಾಗದಲ್ಲಿ.

ಆಪೆರಾ ಮನೆಯ ಪಿಯಾನೋ

ಆದರೆ ನೋಡಿದ್ದರಿಂದಲೇ ಕೈ ಪಳಗದು. ತರುಣನಿಗೆ ವಾದ್ಯವನ್ನು ದೊರಕಿಸಿಕೊಡುವ ವ್ಯವಸ್ಥೆಯೊಂದನ್ನು ಜರ್ಮನ್ ಭಾಷೆಯ ನಾಡುಗಳು ಬಹು ಹಿಂದೆಯೇ ಬೆಳೆಸಿಕೊಂಡವು. ಅದೇ ಆಪೆರಾ ಮನೆ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳ ರಂಗಮಂದಿರ. ಜರ್ಮನಿ ಒಂದಾಗುವ ಮುನ್ನ ಅನೇಕ ಸಣ್ಣ ಸಂಸ್ಥಾನಗಳಾಗಿ ಹಂಚಿಹೋಗಿದ್ದ ನಾಡು. ಒಬ್ಬೊಬ್ಬ ಅರಸನೂ ತನ್ನ ರಾಜಧಾನಿಯಲ್ಲಿ ತನ್ನದೇ ಆದ ರಂಗಮಂದಿರವನ್ನೂ ವಾದ್ಯವೃಂದವನ್ನೂ ಇಟ್ಟುಕೊಂಡಿದ್ದನು. ಅರಸರು ಹೋದರು, ಮಂದಿರಗಳು ಉಳಿದವು. ಸರ್ಕಾರದ ಮತ್ತು ನಗರಸಭೆಗಳ ಹಣದಿಂದ ನಡೆಯುವ ಸುಮಾರು 80 ಆಪೆರಾ ಮನೆಗಳು ಆ ದೇಶವೊಂದರಲ್ಲೇ ಇಂದಿಗೂ ಉಂಟು.

ಇಂಥ ಮನೆಗೆ ಸೇರುವ ತರುಣನ ಕೈಗೆ ಮೊದಲು ಕೊಡುವುದು ಕೋಲನ್ನಲ್ಲ, ಒಂದು ಪಿಯಾನೋವನ್ನು. ಗಾಯಕರು ತಮ್ಮ ಪಾತ್ರವನ್ನು ಕಲಿಯುವಾಗ ಇಡೀ ವಾದ್ಯವೃಂದದ ಬದಲಾಗಿ ಅವನೊಬ್ಬನೇ ಪಿಯಾನೋ ನುಡಿಸಬೇಕು. ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಸೊಪ್ರಾನೋ ಗಾಯಕಿಯೊಬ್ಬಳು ಪಿಯಾನೋಗೆ ಒರಗಿ ನಿಂತಿದ್ದಾಳೆ. ಅವನು ಎಡಗೈಯಲ್ಲಿ ಮಂದ್ರದ ತಂತಿವಾದ್ಯಗಳ ಭಾಗವನ್ನೂ ಬಲಗೈಯಲ್ಲಿ ಗಾಳಿವಾದ್ಯಗಳ ಭಾಗವನ್ನೂ ಹೊಂದಿಸಿಕೊಂಡು ನುಡಿಸುತ್ತ, ಅಂದು ಬಾರದಿರುವ ನಾಯಕಪಾತ್ರದವನ ಸಾಲುಗಳನ್ನು ತನಗಿರುವ ಅಷ್ಟಿಷ್ಟು ಕಂಠದಲ್ಲೇ ಹಾಡಿ ತೋರುತ್ತ, ಇಟಾಲಿಯನ್ ಮಾತಿನ ಉಚ್ಚಾರದೋಷವನ್ನು ತಿದ್ದುತ್ತ, ಅವಳು ಯಾವ ಸ್ವರಕ್ಕೆ ಮುಂಚೆ ಉಸಿರು ತೆಗೆದುಕೊಳ್ಳುತ್ತಾಳೆಂಬುದನ್ನು ಸೀಸದಕಡ್ಡಿಯಿಂದ ಪುಟದ ಮೇಲೆ ಗುರುತಿಟ್ಟುಕೊಳ್ಳುತ್ತಾನೆ. ಆ ಉಸಿರಿನ ಗುರುತು ಮುಂದೆ ಅವನ ಆಸ್ತಿಯಾಗುವುದು.

ಏಕೆಂದರೆ ಆಪೆರಾದಲ್ಲಿ ವೃಂದವಿರುವುದು ರಂಗದ ಮುಂದಿನ ತಗ್ಗಿನಲ್ಲಿ. ಹಾಡುವವರು ಮೇಲೆ, ನಟನೆಯಲ್ಲಿ ತೊಡಗಿದವರು, ಕೆಲವೊಮ್ಮೆ ಬೆನ್ನು ತಿರುಗಿಸಿದವರು. ಪುಚ್ಚೀನಿಯ ಕೃತಿಯೊಂದರಲ್ಲಿ ಗಾಯಕನು ತಾರಸ್ಥಾಯಿಯ ಸ್ವರವನ್ನು ಈ ರಾತ್ರಿ ನಿನ್ನೆಗಿಂತ ಒಂದು ಕ್ಷಣ ಹೆಚ್ಚಾಗಿ ಹಿಡಿದನೆನ್ನಿ. ನಾಯಕನು ಎಡಗೈಯಿಂದ ಇಡೀ ವೃಂದವನ್ನು ಹಿಡಿದು ನಿಲ್ಲಿಸಿ, ಅವನ ಭುಜ ಇಳಿಯುವುದನ್ನು ಕಂಡೊಡನೆ ಮುಂದಕ್ಕೆ ಬಿಡಬೇಕು. ತೆರೆಯ ಹಿಂದೆ, 30 ಮೀಟರ್ ಆಚೆ ಹಾಡುವ ಮೇಳದ ದನಿ ಅವನನ್ನು ಮುಟ್ಟಲು ಸೆಕೆಂಡಿನ ಹತ್ತನೆಯ ಒಂದಂಶ ಬೇಕು. ಅಷ್ಟರಿಂದಲೇ ಹಾಡು ಹಿಂದುಳಿದಂತೆ ಕೇಳುವುದು. ಆದುದರಿಂದ ಅಲ್ಲಿ ನಿಂತ ಸಹಾಯಕನೊಬ್ಬನು ಪುಟ್ಟ ಪರದೆಯಲ್ಲಿ ನಾಯಕನ ಕೈಯನ್ನು ನೋಡುತ್ತ ಮೇಳವನ್ನು ಮುಂದಾಗಿಯೇ ಎತ್ತಿಸುವನು. ಆ ಸಹಾಯಕನೂ ಸಾಮಾನ್ಯವಾಗಿ ನಮ್ಮ ಪಿಯಾನೋದ ತರುಣನೇ.

ಹೀಗೆ ಎರಡು ಮೂರು ವರುಷ ದುಡಿದವನಿಗೆ ಒಂದು ಸಂಜೆ ಹಳೆಯ ಪ್ರಯೋಗವೊಂದರ ಆರನೆಯ ಇಲ್ಲವೇ ಏಳನೆಯ ಪ್ರದರ್ಶನವನ್ನು ನಡೆಸುವ ಅವಕಾಶ ಸಿಗುತ್ತದೆ, ಬಹುವೇಳೆ ತಾಲೀಮಿಲ್ಲದೆ. ಆಗ ಅವನು ವೃಂದಕ್ಕೆ ಹೊಸಬನಾದರೂ ಕೃತಿಗೆ ಹೊಸಬನಲ್ಲ.

ಮಾಲರ್ ಏರಿದ ಮೆಟ್ಟಿಲುಗಳು

ಈ ಹಾದಿಯಲ್ಲಿ ನಡೆದವರ ಪಟ್ಟಿ ದೊಡ್ಡದು. ಸಂಗೀತ ರಚನಕಾರ ಗುಸ್ತಾವ್ ಮಾಲರ್ 1880ರ ಬೇಸಗೆಯಲ್ಲಿ, ಇಪ್ಪತ್ತರ ಹುಡುಗನಾಗಿದ್ದಾಗ, ಬಾಟ್ ಹಾಲ್ ಎಂಬ ಆರೋಗ್ಯಧಾಮದ ಪುಟ್ಟ ನಾಟಕಶಾಲೆಯಲ್ಲಿ ಲಘುಸಂಗೀತದ ಆಟಗಳನ್ನು ನಡೆಸಿದನು. ಅಲ್ಲಿಂದ ಲೈಬಾಖ್, ಓಲ್ಮ್ಯೂಟ್ಸ್, ಕಾಸೆಲ್, ಪ್ರಾಗ್, ಲೈಪ್‌ಜಿಗ್, ಬುಡಾಪೆಸ್ಟ್, ಹ್ಯಾಂಬರ್ಗ್. ಒಂದೊಂದು ಊರಿನಲ್ಲಿ ಒಂದೊಂದು ಬಗೆಯ ಬಡತನ, ಒಂದೊಂದು ಬಗೆಯ ಜಗಳ. 1897ರಲ್ಲಿ ವಿಯೆನ್ನಾದ ರಾಜ ಆಪೆರಾದ ಬಾಗಿಲು ಅವನಿಗೆ ತೆರೆಯುವ ವೇಳೆಗೆ ಹದಿನೇಳು ವರ್ಷಗಳ ಕಾಲ ಒಳ್ಳೆಯ ಗಾಯಕರನ್ನೂ ಕೆಟ್ಟ ಗಾಯಕರನ್ನೂ ಒಂದೇ ಶ್ರದ್ಧೆಯಿಂದ ನಡೆಸಿದ ಕೈ ಅವನದಾಗಿತ್ತು.

ನಮ್ಮ ಕಾಲದಲ್ಲಿ ಇದೇ ಬಗೆಯ ಉದಾಹರಣೆ ಕಿರಿಲ್ ಪೆಟ್ರೆಂಕೊ. ಸೈಬೀರಿಯಾದ ಓಮ್ಸ್ಕ್ ನಗರದಲ್ಲಿ 1972ರಲ್ಲಿ ಹುಟ್ಟಿ, ಹದಿನೆಂಟರಲ್ಲಿ ಕುಟುಂಬದೊಡನೆ ಆಸ್ಟ್ರಿಯಾಕ್ಕೆ ಬಂದು, ವಿಯೆನ್ನಾದಲ್ಲಿ ಓದಿ, ಅಲ್ಲಿನ ಆಪೆರಾ ಮನೆಯಾದ ಫೋಕ್ಸ್‌ಓಪರ್‌ನಲ್ಲಿ ಕೆಲಸ ಮಾಡಿ, 1999ರಲ್ಲಿ ಮೈನಿಂಗನ್ ಎಂಬ ಚಿಕ್ಕ ಊರಿನ ಸಂಗೀತಾಧಿಕಾರಿಯಾದರು. ಊರು ಚಿಕ್ಕದಾದರೂ ಅಲ್ಲಿನ ವೃಂದದ ವಂಶಾವಳಿ ದೊಡ್ಡದು: 1690ರಲ್ಲಿ ಸ್ಥಾಪನೆಯಾದ ಆಸ್ಥಾನವೃಂದ ಅದು; ಬ್ರಾಮ್ಸ್ ತನ್ನ ನಾಲ್ಕನೆಯ ಸಿಂಫನಿಯನ್ನು 1885ರಲ್ಲಿ ಮೊದಲು ಕೇಳಿಸಿದ್ದು ಅಲ್ಲೇ; ಅದೇ ವರ್ಷ ಅಲ್ಲಿನ ನಾಯಕ ಹಾನ್ಸ್ ಫಾನ್ ಬ್ಯೂಲೊವಿನ ಸಹಾಯಕನಾಗಿ ಇಪ್ಪತ್ತೊಂದರ ರಿಚರ್ಡ್ ಸ್ಟ್ರೌಸ್ ಬಂದು ಕೆಲಸ ಕಲಿತದ್ದೂ ಅಲ್ಲೇ.

ಆ ಮೈನಿಂಗನ್ನಿನಲ್ಲಿ 2001ರಲ್ಲಿ ಪೆಟ್ರೆಂಕೊ ವಾಗ್ನರನ ‘ರಿಂಗ್’ ನಾಟಕಚತುಷ್ಟಯವನ್ನು ನಾಲ್ಕು ರಾತ್ರಿ ಎಡೆಬಿಡದೆ ನಡೆಸಿದರು. ಹದಿನೈದು ಗಂಟೆಗಳಷ್ಟು ಸಂಗೀತವದು. ಗಾಯಕರ ಕಂಠಕ್ಕೂ ವಾದ್ಯಗಾರರ ತೋಳಿಗೂ ವಿಶ್ರಾಂತಿಯಿರಲೆಂದು ದೊಡ್ಡ ಮನೆಗಳು ನಡುನಡುವೆ ದಿನಗಳನ್ನು ಬಿಡುವುದು ವಾಡಿಕೆ. ಸಣ್ಣ ಊರೊಂದು ಬಿಡುವಿಲ್ಲದೆಯೇ ಅದನ್ನು ಸಾಧಿಸಿತೆಂಬ ಸುದ್ದಿ ಜರ್ಮನಿಯಾದ್ಯಂತ ಹಬ್ಬಿತು. ಅಲ್ಲಿಂದ ಬರ್ಲಿನ್ನಿನ ಕೋಮಿಷೆ ಓಪರ್, ಮ್ಯೂನಿಕ್ಕಿನ ಬವೇರಿಯನ್ ಸ್ಟೇಟ್ ಆಪೆರಾ. 2015ರ ಜೂನಿನಲ್ಲಿ ಬರ್ಲಿನ್ ಫಿಲ್‌ಹಾರ್ಮೊನಿಕ್ ವೃಂದದ ವಾದ್ಯಗಾರರು ತಮ್ಮ ಮುಂದಿನ ನಾಯಕನನ್ನಾಗಿ ಅವರನ್ನೇ ಚುನಾಯಿಸಿದರು. ಆ ವೃಂದದಲ್ಲಿ ನಾಯಕನನ್ನು ಆರಿಸುವವರು ವಾದ್ಯಗಾರರೇ. ಅಲ್ಲಿಯವರೆಗೆ ಪೆಟ್ರೆಂಕೊ ಆ ವೃಂದದ ಮುಂದೆ ಅತಿಥಿಯಾಗಿ ನಿಂತಿದ್ದುದು ಮೂರೇ ಬಾರಿ. ಸಂದರ್ಶನಗಳಿಂದ ದೂರವುಳಿದ, ಧ್ವನಿಮುದ್ರಿಕೆಗಳನ್ನೂ ಹೆಚ್ಚಾಗಿ ಹೊರತರದ ಒಬ್ಬ ಮನುಷ್ಯನಿಗೆ ಈ ಪಟ್ಟ ದೊರೆತುದು ನನಗೆ ಬಹಳ ಸಂತೋಷದ ಸಂಗತಿಯಾಗಿ ತೋರುತ್ತದೆ.

ಯೊವಾನಾ ಮಾಲ್‌ವಿಟ್ಸ್ ಅವರದೂ ಇದೇ ದಾರಿ. ಇಪ್ಪತ್ತರ ಆಸುಪಾಸಿನಲ್ಲಿ, 2006ರಲ್ಲಿ, ಹೈಡಲ್‌ಬರ್ಗ್ ನಾಟಕಶಾಲೆಯನ್ನು ಸೇರಿ, 2014ರಲ್ಲಿ ಎರ್ಫುರ್ಟ್, 2018ರಲ್ಲಿ ನ್ಯೂರೆಂಬರ್ಗ್ ಆಪೆರಾಗಳ ಸಂಗೀತಾಧಿಕಾರಿಣಿಯಾಗಿ, 2023ರಲ್ಲಿ ಬರ್ಲಿನ್ನಿನ ಕೊನ್ಸರ್ಟ್‌ಹೌಸ್ ವೃಂದದ ಮುಖ್ಯಸ್ಥೆಯಾದರು. ಸ್ತ್ರೀಯರಿಗೆ ಈ ಪೀಠ ಬಹುಕಾಲ ಮುಚ್ಚಿದ್ದಿತು. ಬೈರಾಯ್ಟಿನ ವಾಗ್ನರ್ ಉತ್ಸವದಲ್ಲಿ ಒಬ್ಬ ಸ್ತ್ರೀ ಮೊದಲು ಕೋಲು ಹಿಡಿದುದು 2021ರಲ್ಲಿ, ಉಕ್ರೇನಿನ ಒಕ್ಸಾನಾ ಲೀನಿವ್ ಅವರು. 1876ರಲ್ಲಿ ಪ್ರಾರಂಭವಾದ ಉತ್ಸವವದು ಎಂಬುದನ್ನು ನೆನೆದರೆ ಮನಸ್ಸಿಗೆ ಖೇದವಾಗುತ್ತದೆ.

ಒಂದೇ ರಾತ್ರಿಯ ಕೀರ್ತಿ

ಪತ್ರಿಕೆಗಳಿಗೆ ಪ್ರಿಯವಾದ ಕಥೆ ಮಾತ್ರ ಬೇರೆ. ಹಿರಿಯರೊಬ್ಬರು ಕಾಯಿಲೆ ಬೀಳುತ್ತಾರೆ. ಅನಾಮಧೇಯ ತರುಣನೊಬ್ಬನು ಅವರ ಸ್ಥಾನದಲ್ಲಿ ನಿಂತು ಬೆಳಗಾಗುವುದರೊಳಗೆ ಖ್ಯಾತನಾಗುತ್ತಾನೆ. 1943ರ ನವೆಂಬರ್ 14ರಂದು ನ್ಯೂಯಾರ್ಕಿನಲ್ಲಿ ಬ್ರೂನೊ ವಾಲ್ಟರ್ ಜ್ವರದಿಂದ ಮಲಗಿದಾಗ 25 ವರ್ಷದ ಸಹಾಯಕ ಲೆನರ್ಡ್ ಬರ್ನ್‌ಸ್ಟೈನ್ ತಾಲೀಮಿಲ್ಲದೆಯೇ ಕಾರ್ನೆಗಿ ಹಾಲಿನ ವೇದಿಕೆಯೇರಿದರು. ಸ್ಟ್ರೌಸನ ‘ಡಾನ್ ಕಿಹೋಟೆ’ಯಂಥ ತೊಡಕಿನ ಕೃತಿಯೂ ಅಂದಿನ ಕಾರ್ಯಕ್ರಮದಲ್ಲಿತ್ತು. ಕಛೇರಿ ಆಕಾಶವಾಣಿಯಲ್ಲಿ ದೇಶಕ್ಕೆಲ್ಲ ಕೇಳಿಸಿತು. ಮರುದಿನದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಅವರ ಹೆಸರಿತ್ತು.

ಅದಕ್ಕೂ ಮುನ್ನ, 1886ರಲ್ಲಿ, ರಿಯೋ ಡಿ ಜನೈರೊದಲ್ಲಿ ಇಟಲಿಯ ಆಪೆರಾ ತಂಡವೊಂದರ ನಾಯಕನು ಕಲಹದಿಂದ ಬಿಟ್ಟುಹೋಗಿ, ಬದಲಿಗೆ ಬಂದವನನ್ನು ಪ್ರೇಕ್ಷಕರು ಕೂಗಿ ಇಳಿಸಿದಾಗ, ಚೆಲ್ಲೊ ನುಡಿಸುತ್ತಿದ್ದ ಹತ್ತೊಂಬತ್ತರ ತೊಸ್ಕನೀನಿಯನ್ನು ಸಂಗಡಿಗರು ಮುಂದಕ್ಕೆ ನೂಕಿದರು. ಅವನು ವೆರ್ದಿಯ ‘ಅಯಿದಾ’ವನ್ನು ಮೊದಲಿನಿಂದ ಕೊನೆಯವರೆಗೆ ಕಂಠಸ್ಥವಾಗಿಯೇ ನಡೆಸಿದನು.

ಇವು ಭಾಗ್ಯದ ಕಥೆಗಳೆಂದು ಹೇಳುವವರು ಒಂದನ್ನು ಮರೆಯುತ್ತಾರೆ. ತೊಸ್ಕನೀನಿ ಆ ತಂಡದ ಗಾಯಕರೊಡನೆ ತಾಲೀಮಿನಲ್ಲಿ ದುಡಿದವನು; ಅವನ ಶಕ್ತಿಯನ್ನು ಅರಿತಿದ್ದುದರಿಂದಲೇ ಅವರು ಅವನನ್ನು ಕೂಗಿದರು. ಬರ್ನ್‌ಸ್ಟೈನ್ ಫಿಲಡೆಲ್ಫಿಯಾದಲ್ಲಿ ಫ್ರಿಟ್ಸ್ ರೈನರ್ ಎಂಬ ಅತಿ ಕಠಿಣ ಗುರುವಿನ ಕೈಯಲ್ಲಿ ಪಳಗಿದವರು. ಸಹಾಯಕನಾಗಿ ಪ್ರತಿಯೊಂದು ಕಾರ್ಯಕ್ರಮದ ಕೃತಿಗಳನ್ನೂ ಸಿದ್ಧಪಡಿಸಿಕೊಂಡಿರುವುದೇ ಅವರ ಉದ್ಯೋಗವಾಗಿತ್ತು. ಕರೆ ಬಂದ ರಾತ್ರಿ ಆಕಸ್ಮಿಕ, ಸಿದ್ಧತೆ ಆಕಸ್ಮಿಕವಲ್ಲ.

ಮೈಸೂರಿನಿಂದ ಹೋದ ನೆರವು

ನೂರು ಮಂದಿಯ ವಾದ್ಯಕ್ಕೆ ಹಣವೂ ಬೇಕು. ಕನ್ನಡನಾಡಿಗೆ ಈ ಕಥೆಯಲ್ಲಿ ಒಂದು ಗೌರವದ ಸ್ಥಾನವಿರುವುದು ಇಲ್ಲಿಯೇ.

ಹರ್ಬರ್ಟ್ ಫಾನ್ ಕರಾಯನ್ 1929ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಉಲ್ಮ್ ಎಂಬ ಊರಿನ ಪುಟ್ಟ ನಾಟಕಶಾಲೆಯಲ್ಲಿ ಮೊಜಾರ್ಟನ ‘ಫಿಗರೊ’ ನಡೆಸಿ ವೃತ್ತಿಗೆ ತೊಡಗಿದವರು. 1935ರಲ್ಲಿ ಆಖೆನ್ ನಗರದ ಸಂಗೀತಾಧಿಕಾರಿ. ಮೇಲೇರುವ ಆತುರದಲ್ಲಿ ಅವರು ನಾಜಿ ಪಕ್ಷದ ಸದಸ್ಯರೂ ಆದರು. ಅವರ ಕಲೆಯನ್ನು ಎಷ್ಟೇ ಮೆಚ್ಚಿದರೂ ಈ ಕಲೆಯನ್ನು ಒರೆಸಲಾಗದು. ಯುದ್ಧ ಮುಗಿದ ಮೇಲೆ 1947ರವರೆಗೆ ಅವರಿಗೆ ಬಹಿರಂಗ ಕಛೇರಿಗಳು ನಿಷಿದ್ಧವಾಗಿದ್ದವು. ಆಗ ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಎಂಬುವರು 1945ರಲ್ಲಿ ಕಟ್ಟಿದ್ದ ಫಿಲ್‌ಹಾರ್ಮೊನಿಯಾ ವೃಂದ ಅವರಿಗೆ ಹೊಸ ನೆಲೆಯಾಯಿತು.

ಆ ಹೊಸ ವೃಂದದ ಬೆನ್ನಿಗೆ ನಿಂತವರು ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರು. ಸ್ವತಃ ಪಿಯಾನೋ ಅಭ್ಯಾಸ ಮಾಡಿದ್ದ, ಪಾಶ್ಚಾತ್ಯ ಸಂಗೀತದ ಮುದ್ರಿಕೆಗಳ ವಿಪುಲ ಸಂಗ್ರಹವಿದ್ದ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೊನಿಯಾ ಕನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದರು. ರಷ್ಯದ ರಚನಕಾರ ಮೆಟ್ನರನ ಕೃತಿಗಳು ಅವನ ಕೈಯಿಂದಲೇ ಧ್ವನಿಮುದ್ರಿತವಾಗುವಂತೆ ಮಾಡಿದರು. ಕೃತಜ್ಞನಾದ ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದನು. ಸ್ಟ್ರೌಸನ ‘ಕೊನೆಯ ನಾಲ್ಕು ಗೀತೆಗಳು’ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವರ ಗಾಯನದಲ್ಲಿ, ಫುರ್ಟ್‌ವೆಂಗ್ಲರನ ನಾಯಕತ್ವದಲ್ಲಿ ಪ್ರಥಮ ಬಾರಿಗೆ ಕೇಳಿಬಂದುದೂ ಒಡೆಯರ ಆರ್ಥಿಕ ಭರವಸೆಯಿಂದಲೇ. ವೇದಿಕೆಯ ಮೇಲಿನ ಹೆಸರುಗಳನ್ನು ಸ್ಮರಿಸುವ ನಾವು ಈ ಹೆಸರನ್ನೂ ಮಕ್ಕಳಿಗೆ ಹೇಳಿಕೊಡುವುದು ಉಚಿತ.

ಅವಸರದ ಕಾಲ

ಈಗ ಮೆಟ್ಟಿಲುಗಳನ್ನು ಒಂದೊಂದಾಗಿ ಏರುವ ತಾಳ್ಮೆ ಕಡಮೆಯಾಗುತ್ತಿದೆ. ಸ್ಪರ್ಧೆಗಳು ಹೆಚ್ಚಿವೆ, ಒಂದು ಕಛೇರಿಯ ಚಿತ್ರ ರಾತ್ರಿ ಕಳೆಯುವುದರೊಳಗೆ ಲೋಕವನ್ನು ಸುತ್ತುತ್ತದೆ, ವೃಂದಗಳಿಗೆ ಹೊಸ ಶ್ರೋತೃಗಳನ್ನು ಕರೆತರುವ ಎಳೆಯ ಮುಖ ಬೇಕಾಗಿದೆ. ಸ್ಪರ್ಧೆಯೇ ಕೆಟ್ಟದ್ದೆಂದು ನಾನು ಹೇಳಲಾರೆ. ಮೆಹ್ತಾ ಅವರು 1958ರಲ್ಲಿ ಲಿವರ್‌ಪೂಲಿನ ಸ್ಪರ್ಧೆಯಲ್ಲಿ ಗೆದ್ದು, ಅಲ್ಲಿ ಒಂದು ವರ್ಷ ಸಹಾಯಕರಾಗಿ ದುಡಿದು, 1961ರಲ್ಲಿ ಮಾಂಟ್ರಿಯಲ್, 1962ರಲ್ಲಿ ಲಾಸ್ ಏಂಜಲೀಸ್ ವೃಂದಗಳನ್ನು ವಹಿಸಿಕೊಂಡರು. ಆಪೆರಾ ಅನುಭವವನ್ನು ಅನಂತರ ಕೂಡಿಸಿಕೊಂಡು 1965ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ‘ಅಯಿದಾ’ ನಡೆಸಿದರು.

ಫಿನ್ಲೆಂಡಿನ ಕ್ಲೌಸ್ ಮ್ಯಾಕೆಲ ಇಂದಿನ ವೇಗದ ನಿದರ್ಶನ. 1996ರಲ್ಲಿ ಹುಟ್ಟಿ, ಚೆಲ್ಲೊ ಕಲಿತು, ಹನ್ನೆರಡರ ಬಾಲಕನಾಗಿದ್ದಾಗಲೇ ಯೋರ್ಮ ಪನುಲಾ ಎಂಬ ಪ್ರಸಿದ್ಧ ಗುರುವಿನ ಕೈ ಸೇರಿದ ಇವರು 2020ರಲ್ಲಿ ಆಸ್ಲೊ, 2021ರಲ್ಲಿ ಪ್ಯಾರಿಸ್ ವೃಂದಗಳ ನಾಯಕರಾದರು. 2027ರಿಂದ ಆಮ್‌ಸ್ಟರ್‌ಡ್ಯಾಮಿನ ಕೊನ್ಸರ್ಟ್‌ಖೆಬೌ ಮತ್ತು ಶಿಕಾಗೊ ವೃಂದಗಳೆರಡಕ್ಕೂ ಗೊತ್ತಾಗಿದ್ದಾರೆ. ಅವರ ಪ್ರತಿಭೆ ನಿಸ್ಸಂದೇಹವಾದುದು. ಆದರೂ ಎರಡು ಭೂಖಂಡಗಳ ಮಧ್ಯೆ ವಿಮಾನದಲ್ಲಿ ಓಡಾಡುವ ನಾಯಕನು ಒಂದು ವೃಂದದೊಡನೆ ಕಳೆಯುವ ವಾರಗಳು ಕೆಲವೇ. ಹಾರ್ನಿನ ಮೂರನೆಯವನಿಗೆ ಯಾವ ಸ್ವರದಲ್ಲಿ ಅಳುಕು, ಯಾರಿಗೆ ಹೊಗಳಿಕೆ ಬೇಕು, ಯಾರನ್ನು ಅವರ ಪಾಡಿಗೆ ಬಿಡಬೇಕು ಎಂಬ ಅರಿವು ಕೆಲವೇ ವಾರಗಳಲ್ಲಿ ಬರುವಂಥದಲ್ಲ.

ನಮ್ಮ ದೇಶದ ತರುಣರಿಗಂತೂ ಹಾದಿ ಇನ್ನೂ ದುರ್ಗಮ. 2006ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇಲ್ಲಿಯ ವೃತ್ತಿಪರ ವೃಂದ. ವರುಷವೆಲ್ಲ ನಡೆಯುವ ಆಪೆರಾ ಮನೆ ಜರ್ಮನಿಯ ರೀತಿಯಲ್ಲಿ ಇಲ್ಲಿ ಒಂದೂ ಇಲ್ಲ. ಆದುದರಿಂದ ಬೆಂಗಳೂರಿನ ಪಿಯಾನೋ ವಿದ್ಯಾರ್ಥಿಯೊಬ್ಬನಿಗೆ ಕೋಲು ಹಿಡಿಯುವ ಹಂಬಲವಿದ್ದರೆ, ಯಾವ ಸ್ಪರ್ಧೆಗೆ ಅರ್ಜಿ ಹಾಕಲಿ ಎಂದು ವಿಚಾರಿಸುವ ಮೊದಲು ಅವನು ಇಟಾಲಿಯನ್ ಜರ್ಮನ್ ಭಾಷೆಗಳನ್ನು ಕಲಿಯಲಿ, ಆಪೆರಾ ಸ್ವರಗ್ರಂಥವನ್ನು ಕಂಡೊಡನೆ ಪಿಯಾನೋದಲ್ಲಿ ನುಡಿಸುವಷ್ಟು ಬೆರಳನ್ನು ಪಳಗಿಸಲಿ, ಗಾಯಕರೊಡನೆ ಕುಳಿತು ದುಡಿಯುವ ಕೆಲಸ ಯಾವ ಸಣ್ಣ ಊರಿನ ನಾಟಕಶಾಲೆಯಲ್ಲಿ ಖಾಲಿಯಿದೆಯೆಂದು ಹುಡುಕಲಿ.